ಗೋಲಿ ಸೋಡಾ ನೆನಪು ಸಾಕು, ಮೊದಲು ರೆಗ್ಯುಲೇಟರ್ ಹಾಕ್ಸಿ

ಗೋಲಿ ಸೋಡಾ ಬಗ್ಗೆ ಕನ್ನಡದಲ್ಲಿ ಬರೆಯೋರೆಲ್ಲ ಒಂದೇ ಲೇಖನವನ್ನು ಮತ್ತೆ ಮತ್ತೆ ಬರೀತಾರೆ. ಅಜ್ಜಿ ಮನೆ, ಬೇಸಿಗೆ ರಜೆ, ಜಾತ್ರೆ, ಗೋಲಿ ಒಳಗೆ ಬಿದ್ದಾಗ ಬರುವ 'ಟಪ್' ಅನ್ನೋ ಸದ್ದು, ಮೂಗಿಗೇರುವ ಗ್ಯಾಸು, ಕಣ್ಣಲ್ಲಿ ನೀರು... ಕೊನೆಗೆ ಆ ದಿನಗಳು ಇನ್ನು ಬರೋದಿಲ್ಲ ಅಂತ ಒಂದು ನಿಟ್ಟುಸಿರು. ಓದಿ ಓದಿ ನನಗೆ ಬಾಯಿಪಾಠ ಆಗಿಹೋಗಿದೆ. ಆದರೆ ಆ ಬಾಟಲಿಗೆ ಗ್ಯಾಸ್ ತುಂಬಿದ ಮನುಷ್ಯ ಯಾರು, ಅವನ ಮೊಣಕೈ ಪಕ್ಕದಲ್ಲೇ ನಿಂತಿದ್ದ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಇತ್ತು, ಆ ಒತ್ತಡ ಬಾಟಲಿಗೆ ಬರೋ ದಾರಿಯಲ್ಲಿ ಏನಿತ್ತು, ಇದರ ಬಗ್ಗೆ ಒಂದೇ ಒಂದು ಸಾಲು ಬರೆದವರನ್ನು ನಾನು ಕಂಡಿಲ್ಲ.

ಹಾಗಾಗಿ ನೆನಪು ಪಕ್ಕಕ್ಕಿರಲಿ. ಇವತ್ತಿನ ವಿಷಯ ರೆಗ್ಯುಲೇಟರ್. ಬೋರ್ ಹೊಡೆಯುತ್ತೆ ಅನ್ನೋರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ನನ್ನ ಕಸುಬು ಅಂಗಡಿಗಳ ತೂಕದ ಯಂತ್ರ ರಿಪೇರಿ. ಕೊಳ್ಳೇಗಾಲ, ಯಳಂದೂರು, ಮತ್ತೆ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಹನೂರು, ಈ ಮೂರು ಕಡೆ ಬೈಕಲ್ಲಿ ಸುತ್ತುತ್ತಾ ಇರ್ತೀನಿ. ಹೋದ ಕಡೆ ಸೋಡಾ ಮಾಡೋ ಜಾಗ ಸಿಕ್ಕರೆ ಒಳಗೆ ಇಣುಕೋದು ನನ್ನ ಚಟ. ನಾನು ಇಣುಕಿದ ಕಡೆಗಳಲ್ಲಿ ಒಂದೆರಡು ಬಿಟ್ಟರೆ ಉಳಿದವರೆಲ್ಲ ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ನೇರವಾಗಿ ಒಂದು ಪೈಪು ಸಿಕ್ಕಿಸಿ, ಅದನ್ನು ಯಂತ್ರಕ್ಕೆ ತಂತಿಯಲ್ಲಿ ಬಿಗಿದು ಕಟ್ಟಿ, ಸಿಲಿಂಡರ್ ತಲೆಯ ವಾಲ್ವನ್ನು ಕೈಯಲ್ಲಿ 'ಚೂರೇ ಚೂರು' ತಿರುಗಿಸಿ ಕೆಲಸ ನಡೆಸ್ತಾ ಇದ್ದರು. ಮಧ್ಯದಲ್ಲಿ ರೆಗ್ಯುಲೇಟರ್ ಇಲ್ಲ. ಒಬ್ಬರನ್ನು ಕೇಳಿದೆ, ಅಣ್ಣಾ, ಇದಕ್ಕೆ ರೆಗ್ಯುಲೇಟರ್ ಹಾಕಲ್ವಾ ಅಂತ.

"ಅಯ್ಯೋ ಬುಡಿ ಸಾ, ನಮ್ಮಪ್ಪನ ಕಾಲ್ದಿಂದ ಇಂಗೇ ನಡ್ಕಂಡ್ ಬಂದದ. ಎಷ್ಟ್ ಬುಡ್ಬೇಕು ಅಂತ ಕೈಗೇ ಗೊತ್ತಾಯ್ತದ."

ಹಾಗಂದವರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಬಿಳಿ ಗೆರೆಗಳು. ಗಾಜಿನ ಗಾಯದ ಗುರುತು. ಅದನ್ನು ತೋರಿಸಿ ಕೇಳಿದರೆ, "ಅದಾ, ಅದು ಬಾಟ್ಲಿ ಒಡ್ದೋಗಿದ್ದು, ಸೋಡಾ ಕೆಲ್ಸ ಅಂದ್ಮೇಲೆ ಅದೆಲ್ಲ ಇದ್ದದ್ದೇ" ಅಂತ ನಕ್ಕರು.

ಇದ್ದದ್ದೇ!! ಈ ಮಾತಿಗೇ ನನ್ನ ತಕರಾರು.

ಕೈಗೆ ಏನು ಗೊತ್ತಾಗುತ್ತೆ ಅನ್ನೋದನ್ನು ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಅಡುಗೆ ಮನೆ ಕುಕ್ಕರ್ ವಿಷಲ್ ಹೊಡೆಯೋದು ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡದಲ್ಲಿ. ಕಾರಿನ ಟೈರಿಗೆ ಹಾಕೋದು 2 ಬಾರ್ ಚಿಲ್ಲರೆ. ಲಾರಿ ಟೈರಿಗೆ 7-8 ಬಾರ್. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಒಳಗೆ, 20 ಡಿಗ್ರಿ ತಂಪಿನಲ್ಲಿ, 57 ಬಾರ್. 30 ಡಿಗ್ರಿಗೆ 72 ಬಾರ್. ಇನ್ನೂ ಒಂದು ವಿಷಯ ಇದೆ. ಈ ಗ್ಯಾಸು 31 ಡಿಗ್ರಿಯವರೆಗೆ ಮಾತ್ರ ಒತ್ತಡ ಕೊಟ್ಟರೆ ದ್ರವವಾಗಿರುತ್ತೆ. ಅದನ್ನು ದಾಟಿದ ಮೇಲೆ ಎಷ್ಟು ಒತ್ತಿದರೂ ದ್ರವ ಅನ್ನೋದೇ ಇರೋದಿಲ್ಲ, ಒತ್ತಡ ಮಾತ್ರ ಸರಸರ ಏರುತ್ತೆ. ಪೂರ್ತಿ ತುಂಬಿದ ಸಿಲಿಂಡರ್ 40 ಡಿಗ್ರಿಗೆ ಬಂದರೆ 100 ಬಾರ್ ದಾಟುತ್ತೆ. ಯುರೋಪಿನ ಚಳಿಯಲ್ಲಿ ಇದು ಪುಸ್ತಕದ ಮಾತು. ನಮ್ಮ ಏಪ್ರಿಲ್ ಬಿಸಿಲಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಇದು ಪ್ರತಿದಿನ ಮಧ್ಯಾಹ್ನದ ಮಾತು.

ಇನ್ನು ಸೋಡಾಕ್ಕೆ ಬೇಕಾಗಿರೋದು ಎಷ್ಟು? ನೀರು ಎಷ್ಟು ತಣ್ಣಗಿದೆ ಅನ್ನೋದರ ಮೇಲೆ ಸುಮಾರು 2ರಿಂದ 5 ಬಾರ್. ಅಂದರೆ ಒಂದು ಕಡೆ 70, 100. ಇನ್ನೊಂದು ಕಡೆ 5. ನಡುವೆ ಇರೋದು ಒಬ್ಬ ಮನುಷ್ಯನ ಬೆರಳು! ವಾಲ್ವ್ ಕಾಲು ಸುತ್ತು ತಿರುಗಿಸೋದಕ್ಕೂ ಅರ್ಧ ಸುತ್ತು ತಿರುಗಿಸೋದಕ್ಕೂ ನಡುವಿನ ವ್ಯತ್ಯಾಸದಲ್ಲಿ ಒಬ್ಬರ ಕಣ್ಣು ನೇತಾಡ್ತಾ ಇರುತ್ತೆ. ಬೆಳಗ್ಗೆ ಏಳಕ್ಕೆ 'ಕೈಗೆ ಗೊತ್ತಿದ್ದ' ತಿರುವು ಮಧ್ಯಾಹ್ನ ಎರಡಕ್ಕೆ ಸುಳ್ಳಾಗುತ್ತೆ, ಯಾಕೆಂದರೆ ಅಷ್ಟರಲ್ಲಿ ಸಿಲಿಂಡರ್ ಒಳಗಿನ ಒತ್ತಡವೇ ಬೇರೆಯಾಗಿರುತ್ತೆ. ಅಪ್ಪನ ಕಾಲದ ಅನುಭವಕ್ಕೆ ನನ್ನ ನಮಸ್ಕಾರ. ಆದರೆ ಅನುಭವ ಕಬ್ಬಿಣದ ಗೋಡೆ ಆಚೆಗಿನ ಒತ್ತಡವನ್ನು ಮುಟ್ಟಿ ನೋಡೋಕೆ ಆಗಲ್ಲ.

ರೆಗ್ಯುಲೇಟರ್ ಮಾಡೋದು ಬಹಳ ಸರಳ ಕೆಲಸ. ಒಳಗೆ ಒಂದು ಪುಟ್ಟ ತೂತು, ಅದನ್ನು ಮುಚ್ಚೋಕೆ ಒಂದು ಬಿರಡೆ. ಅದರ ಒಂದು ಬದಿಗೆ ರಬ್ಬರಿನದೋ ತಗಡಿನದೋ ಒಂದು ಪೊರೆ (ಡಯಾಫ್ರಾಮ್ ಅಂತಾರೆ), ಪೊರೆಯ ಹಿಂದೆ ಸ್ಪ್ರಿಂಗು, ಸ್ಪ್ರಿಂಗಿನ ಹಿಂದೆ ನಾವು ತಿರುಗಿಸೋ ಹಿಡಿ. ಸ್ಪ್ರಿಂಗು ಬಿರಡೆಯನ್ನು ತೆಗೆಯೋಕೆ ನೋಡುತ್ತೆ. ಹೊರಗೆ ಬಂದ ಗ್ಯಾಸು ಪೊರೆಯನ್ನು ಹಿಂದಕ್ಕೆ ಒತ್ತಿ ಬಿರಡೆಯನ್ನು ಮುಚ್ಚೋಕೆ ನೋಡುತ್ತೆ. ಇಬ್ಬರೂ ಸಮ ಆದ ಕಡೆ ನಿಲ್ಲುತ್ತೆ. ಹಿಡಿ ಬಿಗಿದರೆ ಒತ್ತಡ ಜಾಸ್ತಿ, ಸಡಿಲಿಸಿದರೆ ಕಮ್ಮಿ. ಒಳಗೆ 60 ಇರಲಿ 100 ಇರಲಿ, ಹೊರಗೆ ನೀವು ಹೇಳಿದಷ್ಟೇ. ರಾತ್ರಿ ಪಂಪ್‌ಸೆಟ್ಟಿನ ಕರೆಂಟು ಬಂದು ಹೋಗೋ ಹಾಗೆ ಸಿಲಿಂಡರ್ ಒತ್ತಡ ಏರಲಿ ಇಳಿಯಲಿ, ಅದಕ್ಕೆ ಸಂಬಳ ಇಲ್ಲದ ಕಾವಲುಗಾರ ಇದು. ಜೊತೆಗೆ ಎರಡು ಮೀಟರ್. ಒಂದು ಸಿಲಿಂಡರ್ ಕಡೆಯದು, ಇನ್ನೊಂದು ನಮ್ಮ ಕಡೆಯದು. ಒಳ್ಳೆ ರೆಗ್ಯುಲೇಟರ್ ಆದರೆ ಒತ್ತಡ ಮಿತಿ ಮೀರಿದಾಗ ತಾನೇ ಗ್ಯಾಸ್ ಹೊರಬಿಡೋ ಸೇಫ್ಟಿ ವಾಲ್ವ್ ಕೂಡ ಇರುತ್ತೆ.

ಇದನ್ನು ಇಷ್ಟು ಹೇಳಿದ ಮೇಲೂ ಕೆಲವರು ಹೇಳ್ತಾರೆ, "ನಮ್ಮತ್ರ ರೆಗ್ಯುಲೇಟರ್ ಅದ ಸಾ" ಅಂತ. ತೋರಿಸಿ ಅಂದರೆ ಎದೆ ಧಸಕ್ ಅನ್ನುತ್ತೆ. ಒಂದು ಕಡೆ ಅಡುಗೆ ಗ್ಯಾಸಿನ ರೆಗ್ಯುಲೇಟರನ್ನೇ ಲೇತಿನಲ್ಲಿ ಕೊರೆಸಿದ ಒಂದು ತುಂಡಿನ ಮೂಲಕ ಇದಕ್ಕೆ ಕೂರಿಸಿದ್ದರು. ಅಲ್ಲ ಸ್ವಾಮಿ, ಅಡುಗೆ ಗ್ಯಾಸ್ ಸಿಲಿಂಡರ್ ಒಳಗೆ ನಮ್ಮ ಬಿಸಿಲಲ್ಲೂ ಸಾಮಾನ್ಯವಾಗಿ 10 ಬಾರ್‌ಗಿಂತ ಕೆಳಗೇ ಇರುತ್ತೆ. ಆ ಅಳತೆಗೆ ಮಾಡಿದ ಡಬ್ಬಿ ಅದು. ಹೊರಗೆ ಕೊಡೋದು 0.03 ಬಾರ್, ಒಲೆ ಉರಿಯೋಕೆ ಅಷ್ಟು ಸಾಕು. ಅದನ್ನು ತಂದು 70 ಬಾರ್ ಬಾಯಿಗೆ ಇಟ್ಟರೆ ಅದು ರೆಗ್ಯುಲೇಟರ್ ಅಲ್ಲ, ಗ್ರೆನೇಡ್. ಬೇರೆ ಬೇರೆ ಗ್ಯಾಸಿನ ವಾಲ್ವುಗಳಿಗೆ ಬೇರೆ ಬೇರೆ ಥ್ರೆಡ್ ಇಟ್ಟಿರೋದು (ಉರಿಯೋ ಗ್ಯಾಸಿಗೆ ಎಡ ಥ್ರೆಡ್, ಉರಿಯದೇ ಇರೋದಕ್ಕೆ ಬಲ ಥ್ರೆಡ್) ತಪ್ಪಿ ಕೂಡ ಒಂದಕ್ಕೊಂದು ಕೂರದೇ ಇರಲಿ ಅಂತಲೇ. ಲೇತ್ ಅಂಗಡಿಯವರು ಬಹಳ ಜಾಣರು, ಒಪ್ಪಿದೆ. ಆದರೆ ಆ ಜಾಣತನವನ್ನು ಇಲ್ಲಿ ತೋರಿಸಬೇಡಿ ಅಂತ ಕೈಮುಗಿದು ಕೇಳ್ತೀನಿ.

ಇನ್ನೊಂದು ಕಡೆ ಆಕ್ಸಿಜನ್ನಿನದು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಜನ ಸತ್ತರಲ್ಲ, ಆಗ ನಮ್ಮ ಜಿಲ್ಲೆಯ ಪ್ರತಿಯೊಬ್ಬರ ಬಾಯಲ್ಲೂ ಸಿಲಿಂಡರ್, ರೆಗ್ಯುಲೇಟರ್, ಫ್ಲೋ ಮೀಟರ್ ಇದೇ ಮಾತು. ಆಮೇಲೆ ಎಲ್ಲ ಮರೆತೆವು. ಆಗ ಕೊಂಡವು ಈಗ ಗುಜರಿಯಲ್ಲಿ ಸಿಗ್ತವೆ, ಅಗ್ಗ. ಆದರೆ ಆಸ್ಪತ್ರೆಯ ಆ ಉಪಕರಣ ತೋರಿಸೋದು ನಿಮಿಷಕ್ಕೆ ಎಷ್ಟು ಲೀಟರ್ ಹರೀತಾ ಇದೆ ಅನ್ನೋದನ್ನು. ಬಾಟಲಿಯಲ್ಲಿ ಎಷ್ಟು ಒತ್ತಡ ಇದೆ ಅನ್ನೋದನ್ನು ಅಲ್ಲ. ನಲ್ಲಿಯಲ್ಲಿ ಎಷ್ಟು ನೀರು ಬರ್ತಿದೆ ಅನ್ನೋದಕ್ಕೂ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನೋದಕ್ಕೂ ಇರೋ ವ್ಯತ್ಯಾಸ. ಅದಕ್ಕಿಂತ ಭಯ ಆಗೋದು ಅದರ ಉಲ್ಟಾ ಪ್ರಯಾಣ ನೆನೆದರೆ. ಸೋಡಾ ಶೆಡ್ಡಿನಲ್ಲಿ ಎಣ್ಣೆ, ಗ್ರೀಸು ಮೆತ್ತಿಕೊಂಡ ಅದೇ ರೆಗ್ಯುಲೇಟರ್ ನಾಳೆ ಯಾರ ಮನೆಯ ಆಕ್ಸಿಜನ್ ಸಿಲಿಂಡರಿಗೋ ವಾಪಸ್ ಹೋದರೆ? ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಗುಲಿದರೆ ಬೆಂಕಿಗೆ ಕಡ್ಡಿ ಗೀರಬೇಕಾಗಿಲ್ಲ.

ಸರಿ, ಈಗ ನೀರಿನ ವಿಷಯ. ಇದು ನಿಜವಾಗಿ ಸೋಡಾದವರಿಗೆ ಲಾಭ ಆಗೋ ಮಾತು, ದಯವಿಟ್ಟು ಗಮನ ಕೊಡಿ. 1803ರಲ್ಲಿ ವಿಲಿಯಂ ಹೆನ್ರಿ ಅನ್ನೋ ಇಂಗ್ಲೆಂಡಿನ ರಸಾಯನ ಶಾಸ್ತ್ರಜ್ಞ ಒಂದು ನಿಯಮ ಹೇಳಿದ. ಒತ್ತಡ ಹೆಚ್ಚಿದಷ್ಟೂ ನೀರಿನಲ್ಲಿ ಕರಗೋ ಗ್ಯಾಸು ಹೆಚ್ಚು. ಇದು ನಮ್ಮ ಸೋಡಾದವರಿಗೆಲ್ಲ ಗೊತ್ತು, ಹೆನ್ರಿ ಹೆಸರು ಗೊತ್ತಿಲ್ಲ ಅಷ್ಟೇ. ಅವರು ಮರೆಯೋದು ಇದರ ಇನ್ನರ್ಧವನ್ನು. ನೀರು ತಣ್ಣಗಿದ್ದಷ್ಟೂ ಗ್ಯಾಸು ಸಲೀಸಾಗಿ ಕರಗುತ್ತೆ. ಚುರುಕ್ ಅನ್ನೋ ಸೋಡಾ ಆಗೋಕೆ ಒಂದು ಲೀಟರ್ ನೀರಿಗೆ ಸುಮಾರು ನಾಲ್ಕು ಲೀಟರ್ ಗ್ಯಾಸ್ ಸೇರಬೇಕು. 30 ಡಿಗ್ರಿ ನೀರಿಗೆ ಅಷ್ಟು ಸೇರಿಸೋಕೆ ಮೀಟರಿನಲ್ಲಿ ಹತ್ತಿರ ಹತ್ತಿರ 5 ಬಾರ್ ಬೇಕು. ಅದೇ 5 ಡಿಗ್ರಿಗೆ ತಣಿಸಿದ ನೀರಿಗೆ 2 ಬಾರ್ ಕೂಡ ಬೇಡ! ತೊಟ್ಟಿಯ ಬಿಸಿ ನೀರನ್ನು ಬಾಟಲಿಗೆ ತುಂಬಿ, ಗ್ಯಾಸ್ ಹಿಡೀತಿಲ್ಲ ಅಂತ ವಾಲ್ವನ್ನು ಇನ್ನೊಂದು ಚೂರು, ಇನ್ನೊಂದು ಚೂರು ತಿರುಗಿಸೋ ಬದಲು, ನೀರಿಗೆ ಐಸ್ ಕಟ್ಟಿದ ತೊಟ್ಟಿ ಮಾಡಿಕೊಂಡರೆ ಅಪಾಯ ಅರ್ಧಕ್ಕಿಂತ ಕಮ್ಮಿಯಾಗುತ್ತೆ. (ಐಸ್ ನೀರಿನ ಹೊರಗೆ ಸುತ್ತ ಇರಲಿ, ಒಳಗೆ ಹಾಕಬೇಡಿ, ಆ ಐಸ್ ಯಾವ ನೀರಿನದೋ.)

ಹಾಗೆಯೇ ಬಿಸಿಲು. 4 ಲೀಟರ್ ಗ್ಯಾಸ್ ಹಿಡಿದ ಬಾಟಲಿಯನ್ನು ಮಾದೇಶ್ವರನ ಬೆಟ್ಟದ ಯುಗಾದಿ ಜಾತ್ರೆಗೋ ಬಿಳಿಗಿರಿರಂಗನ ಬೆಟ್ಟದ ತೇರಿಗೋ ತಗೊಂಡು ಹೋಗಿ ಬಟ್ಟ ಬಿಸಿಲಲ್ಲಿ ಜೋಡಿಸಿಟ್ಟರೆ ಬಾಟಲಿ ಒಳಗಿನ ಒತ್ತಡ ತುಂಬಿದಾಗ ಇದ್ದದ್ದಕ್ಕಿಂತ ಎಷ್ಟೋ ಮೇಲೆ ಹೋಗುತ್ತೆ. ಗೋಲಿ ಬಾಟಲಿ ಹೊಸದಾಗಿದ್ದಾಗ ದಪ್ಪ ಗಾಜು, ಗಟ್ಟಿ. ಹೈರಮ್ ಕಾಡ್ ಅನ್ನೋ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದ ಈ ಬಾಟಲಿ ಇಷ್ಟು ವರ್ಷ ಉಳಿದಿರೋದೇ ಅದರ ಗಟ್ಟಿತನಕ್ಕೆ. ಆದರೆ ವರ್ಷಗಟ್ಟಲೆ ಕ್ರೇಟಿನಲ್ಲಿ ಒಂದಕ್ಕೊಂದು ಉಜ್ಜಿ ಉಜ್ಜಿ ಗೀರು ಬಿದ್ದ ಗಾಜು ಬೇರೆಯೇ ಜಾತಿ. ಅದು ಎಲ್ಲಿ, ಯಾವಾಗ ಕೈಕೊಡುತ್ತೆ ಅಂತ ಹೇಳೋಕಾಗಲ್ಲ. ಗೀರು ಬಿದ್ದದ್ದನ್ನು ಎತ್ತಿ ಎಸೆಯಿರಿ ಅಂದರೆ 'ಬಾಟ್ಲಿ ಸಿಕ್ತಿಲ್ಲ ಸಾ' ಅಂತಾರೆ. ಅದೂ ನಿಜವೇ, ನಮ್ಮ ಕಡೆ ಹೊಸ ಬಾಟಲಿ ಸುಲಭಕ್ಕೆ ಸಿಗೋದಿಲ್ಲ.

'ಬಡವನ ಹೊಟ್ಟೆ ಮೇಲೆ ಹೊಡೀತೀಯ' ಅಂತ ನನಗೆ ಮೊದಲು ಬರೋ ಬೈಗುಳ. ರೆಗ್ಯುಲೇಟರಿಗೆ ಕೆಲವು ಸಾವಿರ ಆಗುತ್ತೆ, ಸೋಡಾ ಮಾರಿ ಎಲ್ಲಿಂದ ತರೋದು ಅಂತ. ಸರಿ, ಹೊಟ್ಟೆ ಲೆಕ್ಕವನ್ನೇ ಹಾಕೋಣ. ಒಂದು ಲೀಟರ್ ಸೋಡಾದಲ್ಲಿ ಕರಗಿರೋ ಗ್ಯಾಸಿನ ತೂಕ ಸುಮಾರು 8 ಗ್ರಾಂ. 200 ಮಿಲಿ ಬಾಟಲಿಗೆ 1.6 ಗ್ರಾಂ. 30 ಕೆಜಿ ಸಿಲಿಂಡರಿನಲ್ಲಿ ಒಂದು ಗ್ರಾಂ ಕೂಡ ಪೋಲಾಗದಿದ್ದರೆ ಹದಿನೆಂಟು ಸಾವಿರಕ್ಕೂ ಹೆಚ್ಚು ಬಾಟಲಿ ಆಗಬೇಕು. ಪೋಲಾಗದೆ ಇರೋದಿಲ್ಲ, ಬಾಟಲಿಯ ಮೇಲ್ಭಾಗದ ಖಾಲಿ ಜಾಗ ಇದೆ, ಯಂತ್ರದಿಂದ ಬಿಚ್ಚುವಾಗ ಹೋಗೋದಿದೆ. ಹನ್ನೆರಡು ಸಾವಿರ ಬರಲಿ ಅಂತ ಇಟ್ಟುಕೊಳ್ಳಿ. ಮೇಲೆ ಹೇಳಿದ ಗಾಜಿನ ಗೆರೆಯ ಅಣ್ಣನನ್ನು ಕೇಳಿದೆ, ಒಂದು ಸಿಲಿಂಡರಿಗೆ ಎಷ್ಟು ಬಾಟಲಿ ಬರ್ತದೆ ಅಂತ. "ಏಳು ಸಾವ್ರ, ಒಳ್ಳೆ ಟೈಮಿದ್ರೆ ಎಂಟು" ಅಂದರು. ಉಳಿದದ್ದು ಎಲ್ಲಿ ಹೋಯ್ತು? ತಂತಿ ಕಟ್ಟಿದ ಪೈಪಿನ ಬಾಯಲ್ಲಿ, ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ವಾಷರಿನಲ್ಲಿ, ಅಗತ್ಯಕ್ಕಿಂತ ಜಾಸ್ತಿ ಬಿಟ್ಟು 'ಪುಸ್' ಅಂತ ಹೊರಗೆ ಕಳಿಸಿದ್ದರಲ್ಲಿ. ಪ್ರತಿ ಸಿಲಿಂಡರಿನಲ್ಲೂ ಮೂರಲ್ಲಿ ಒಂದು ಪಾಲು ಗಾಳಿಗೆ ದುಡ್ಡು ಕೊಡ್ತಾ, ರೆಗ್ಯುಲೇಟರ್ ದುಬಾರಿ ಅನ್ನೋದು ಯಾವ ಸೀಮೆ ಉಳಿತಾಯ? ಬಡವನ ಹೊಟ್ಟೆ ಮೇಲೆ ಹೊಡೀತಾ ಇರೋದು ಆ ಸೈಕಲ್ ಟ್ಯೂಬು ಕಣ್ರೀ, ನಾನಲ್ಲ.

ಅಂದಹಾಗೆ ಸಿಲಿಂಡರ್ ಕಡೆಯ ಮೀಟರ್ ನೋಡಿ ಗ್ಯಾಸ್ ಎಷ್ಟು ಉಳಿದಿದೆ ಅಂತ ಹೇಳೋಕೆ ಆಗಲ್ಲ. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ ಮುಳ್ಳು ತುಂಬಿದಾಗ ತೋರಿಸಿದ್ದನ್ನೇ ತೋರಿಸುತ್ತೆ, ದ್ರವ ಮುಗಿದ ಮೇಲೆ ದಬಕ್ ಅಂತ ಬೀಳುತ್ತೆ. ತೂಕ ಹಾಕಬೇಕು. ಖಾಲಿ ತೂಕ ಸಿಲಿಂಡರ್ ಮೇಲೆಯೇ ಕೊರೆದಿರುತ್ತೆ. ತೂಕದ ಯಂತ್ರದವನು ತೂಕ ಹಾಕಿ ಅಂತಾನೆ, ಸ್ವಾರ್ಥ ಅಂತ ಬೇಕಾದರೂ ಅಂದುಕೊಳ್ಳಿ!

ಗಾಜಿಗಿಂತ ನನಗೆ ಹೆಚ್ಚು ಹೆದರಿಕೆ ಮುಚ್ಚಿದ ಕೋಣೆಯದು. ಜಾತ್ರೆ ಸೀಸನ್ನಿನಲ್ಲಿ ಹುಡುಗರು ಸೋಡಾ ಮಾಡೋ ಕೋಣೆಯಲ್ಲೇ, ಸಿಲಿಂಡರ್ ಪಕ್ಕದಲ್ಲೇ, ಶಟರ್ ಎಳೆದು ಮಲಗೋದನ್ನು ನೋಡಿದ್ದೀನಿ. ಕಳ್ಳರ ಭಯ ಅಂತೆ. ಈ ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತೆ, ಅಂದರೆ ಚಾಪೆ ಹಾಸಿ ಮಲಗಿದವನ ಮೂಗಿನ ಮಟ್ಟದಲ್ಲಿ. ಅಡುಗೆ ಗ್ಯಾಸಿಗೆ ಬೇಕಂತಲೇ ದುರ್ವಾಸನೆ ಸೇರಿಸಿರ್ತಾರೆ, ಸೋರಿದರೆ ಗೊತ್ತಾಗಲಿ ಅಂತ. ಇದಕ್ಕೆ ಹಾಗೆ ವಾಸನೆ ಸೇರಿಸೋದಿಲ್ಲ, ಕುಡಿಯೋದಕ್ಕೆ ಹಾಕೋ ಗ್ಯಾಸಲ್ವಾ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಇದು ಸೇರಿದರೆ ಪ್ರಾಣಕ್ಕೆ ಅಪಾಯ ಅಂತ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅಷ್ಟಾಗೋಕೆ 2 ಕೆಜಿ ಗ್ಯಾಸ್ ಸೋರಿದರೆ ಸಾಕು. ಸಿಲಿಂಡರಿನಲ್ಲಿ ಇರೋದು 30! 1986ರಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ನ್ಯೋಸ್ ಅನ್ನೋ ಕೆರೆಯ ತಳದಿಂದ ಇದೇ ಗ್ಯಾಸು ರಾತ್ರಿ ಹೊತ್ತು ಮೇಲೆದ್ದು ಸುತ್ತಲ ಹಳ್ಳಿಗಳ 1700ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಇಲ್ಲ, ಸ್ಫೋಟ ಇಲ್ಲ. ಸೋಡಾ ಗ್ಯಾಸಿಂದ ಏನಾಗುತ್ತೆ ಬಿಡಿ ಅನ್ನೋರಿಗೆ ಈ ಕೆರೆಯ ಹೆಸರು ಹೇಳಿ.

ಈಗ ಬೈಯೋ ಸರದಿ. ಸೋಡಾದವರನ್ನಲ್ಲ, ಅವರಿಗೆ ಯಾರು ಏನು ಹೇಳಿಕೊಟ್ಟಿದ್ದಾರೆ ಅಂತ ಬೈಯೋದು?

2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅಂತ ಇದೆ. ಪ್ರತಿ ಸಿಲಿಂಡರಿಗೂ ಗ್ಯಾಸಿನ ಹೆಸರು, ತುಂಬಿದವರ ಹೆಸರು ವಿಳಾಸ ಅಂಟಿಸಿರಬೇಕು, ಜೊತೆಗೆ ಒಂದು ಎಚ್ಚರಿಕೆ ಚೀಟಿ ಇರಬೇಕು. ಬಣ್ಣ ಬದಲಾಯಿಸಬೇಡಿ, ಬೇರೆ ಗ್ಯಾಸ್ ತುಂಬಬೇಡಿ, ವಾಲ್ವಿಗೆ ಎಣ್ಣೆ ಹಾಕಬೇಡಿ, ವಾಲ್ವಿಗೂ ಸಿಲಿಂಡರಿಗೂ ನಡುವೆ ಇರೋ ಲೋಹದ ಬಳೆಯ ಮೇಲೆ ಮುಂದಿನ ಪರೀಕ್ಷೆಯ ತಾರೀಕು ನೋಡಿ, ಅದು ಮುಗಿದಿದ್ದರೆ ಸಿಲಿಂಡರ್ ತಗೋಬೇಡಿ ಅಂತ. ಎಷ್ಟು ಒಳ್ಳೆ ಮಾತುಗಳು! ನಮ್ಮ ಮೂರು ತಾಲ್ಲೂಕಿನಲ್ಲಿ ನಾನು ನೋಡಿದ ಸಿಲಿಂಡರುಗಳಲ್ಲಿ ಚೀಟಿ ಇದ್ದದ್ದೇ ಕಮ್ಮಿ, ಇದ್ದದ್ದು ಇಂಗ್ಲಿಷಿನಲ್ಲಿ. ಕನ್ನಡದ ಚೀಟಿ ಒಂದೇ ಒಂದನ್ನೂ ಕಂಡಿಲ್ಲ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಕಚೇರಿಯ ಭಾಷೆ ನಮಗೆ ಅರ್ಥ ಆಗ್ತಿರಲಿಲ್ಲ ಅಂತ ಹಿರಿಯರು ಗೊಣಗೋದು ಕೇಳಿದ್ದೀನಿ. ಕರ್ನಾಟಕಕ್ಕೆ ಬಂದು ಎಪ್ಪತ್ತು ವರ್ಷ ಆಗ್ತಾ ಬಂದರೂ ಪ್ರಾಣ ಉಳಿಸೋ ನಾಲ್ಕು ಸಾಲು ಇನ್ನೂ ಕನ್ನಡಕ್ಕೆ ಬಂದಿಲ್ಲ. ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ಬೆಂಗಳೂರಿನಲ್ಲಿ ಮಸಿ ಬಳೀತಾರೆ. ಸಿಲಿಂಡರ್ ಮೇಲೆ ಕನ್ನಡ ಇಲ್ಲ ಅಂತ ಕೇಳಿದವರು ಯಾರಿದ್ದಾರೆ?

ಇಂಗ್ಲಿಷಿನಲ್ಲಿ ಇದೇ ವಿಷಯ ಹುಡುಕಿ ನೋಡಿ, ತಲೆ ತಿರುಗುತ್ತೆ. ಅಮೆರಿಕಾ, ಆಸ್ಟ್ರೇಲಿಯಾ ಕಡೆ ಮನೆಯಲ್ಲೇ ಬಿಯರ್ ಮಾಡಿ ಸ್ಟೀಲ್ ಡ್ರಮ್ಮಿಗೆ (ಕೆಗ್ ಅಂತಾರೆ) ತುಂಬಿಡೋದು ಒಂದು ಹವ್ಯಾಸ. ಅವರಿಗೂ ಬೇಕಾಗಿರೋದು ಇದೇ ಗ್ಯಾಸು, ಇದೇ ಸಿಲಿಂಡರು, ಇದೇ ರೆಗ್ಯುಲೇಟರು. ಬಿಯರಿಗೆ ಬೇಕಾಗೋದು ಫ್ರಿಜ್ಜಿನ ತಂಪಿನಲ್ಲಿ 1 ಬಾರ್‌ಗಿಂತಲೂ ಕಮ್ಮಿ. ಅಷ್ಟಕ್ಕೇ ಯಾವ ವಾಷರ್, ಯಾವ ಕ್ಲಿಪ್, ಎಲ್ಲಿ ಹಿಮ್ಮುಖ ತಡೆಯೋ ವಾಲ್ವ್, ಎಷ್ಟು ಡಿಗ್ರಿಗೆ ಎಷ್ಟು ಒತ್ತಡ ಅಂತ ಪಟ್ಟಿ ಮೇಲೆ ಪಟ್ಟಿ, ಚಿತ್ರದ ಮೇಲೆ ಚಿತ್ರ. ಭಾನುವಾರದ ಮೋಜಿಗೆ ಬಿಯರ್ ಮಾಡೋ ಇಂಜಿನಿಯರಿಗೆ ಇಷ್ಟೆಲ್ಲ ಇದೆ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡೋದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಅದಕ್ಕೆ ಕೈ ಹಾಕಬೇಡಿ.) ವಾರಕ್ಕೆ ಏಳು ದಿನ, ಅದರ ಹತ್ತಾರು ಪಟ್ಟು ಬಾಟಲಿ, ಐದು ಪಟ್ಟು ಒತ್ತಡದಲ್ಲಿ ತುಂಬೋ ನಮ್ಮ ಹನೂರಿನ ಮನುಷ್ಯನಿಗೆ ಅವನ ಭಾಷೆಯಲ್ಲಿ ಒಂದು ಪುಟ ಇಲ್ಲ. ಕನ್ನಡ ಬರೆಯೋಕೆ ಬರೋ ನಾವು ಅವನಿಗೆ ಕೊಟ್ಟಿದ್ದು ಅಜ್ಜಿ ಮನೆ ನೆನಪು.

ತಮಾಷೆ ಅಂದರೆ ಈ ಗ್ಯಾಸ್ ನೀರು ಹುಟ್ಟಿದ್ದೂ ಬಿಯರಿನ ಪಕ್ಕದಲ್ಲೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನೋ ಪಾದ್ರಿ, ಪಕ್ಕದ ಬಿಯರ್ ಕಾರ್ಖಾನೆಯ ತೊಟ್ಟಿ ಮೇಲೆ ನೀರು ಇಟ್ಟು ಗ್ಯಾಸ್ ಹಿಡಿಸಿದ. ಅಲ್ಲಿಂದ ಶುರು.

ಇನ್ನು ಸರ್ಕಾರ. 2025ರ ಮಾರ್ಚಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಗೋಲಿ ಸೋಡಾ ಕೊಲ್ಲಿ ದೇಶಗಳ ಅಂಗಡಿಗೆ ಹೋಗ್ತಿದೆ ಅಂತ ಹೆಮ್ಮೆಯಿಂದ ಹೇಳಿಕೆ ಕೊಟ್ಟಿತು. ಪೇಪರಿನವರು ಪರಂಪರೆ ಅಂತ ಬರೆದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಿಹಿ ಸೇರಿಸಿದ ಗ್ಯಾಸ್ ಪಾನೀಯಕ್ಕೆ ಶೇಕಡ 40 ಜಿಎಸ್‌ಟಿ. ಸಣ್ಣ ತಯಾರಕರಿಗೆ ಅಂತ ಇದ್ದ ಸರಳ ತೆರಿಗೆಯ ಕಾಂಪೊಸಿಷನ್ ಸ್ಕೀಮಿನಿಂದ 2019ರ ಅಕ್ಟೋಬರಿನಲ್ಲೇ ಸೋಡಾ ಪಾನೀಯದವರನ್ನು ಹೊರಗೆ ಹಾಕಿ ಆಗಿತ್ತು. ಪರಂಪರೆಯೂ ಹೌದು, ತೆರಿಗೆಯೂ ಹೌದು. ಆ ಪರಂಪರೆಯ ಕೈಗೆ ಕನ್ನಡಕ, ಕೈಚೀಲ, ರೆಗ್ಯುಲೇಟರ್ ಕೊಡೋ ಯೋಜನೆ ಬಗ್ಗೆ ಮಾತ್ರ ಯಾರೂ ಹೆಮ್ಮೆಯ ಹೇಳಿಕೆ ಕೊಟ್ಟಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಸೋಡಾ ಶೆಡ್ಡಿಗೆ ಅಧಿಕಾರಿ ಬಂದರೆ ನೀರು ಕೇಳ್ತಾರೆ, ಲೇಬಲ್ ಕೇಳ್ತಾರೆ. ಅದೂ ಬೇಕು, ಇಲ್ಲ ಅನ್ನಲ್ಲ. ಹಾಗೆಯೇ ಪಕ್ಕದಲ್ಲಿ ನಿಂತಿರೋ ಆ ಕಪ್ಪು ಉದ್ದ ವಸ್ತುವಿನ ಕಡೆಗೂ ಒಂದು ಸಲ ತಿರುಗಿ ನೋಡಿದರೆ ಏನು ಗಂಟು ಹೋಗುತ್ತೆ?

ಎಲ್ಲಕ್ಕಿಂತ ಸಿಟ್ಟು ಬರೋದು ಸಿಲಿಂಡರ್ ಮಾರೋರ ಮೇಲೆ. ಒಂದು ಅಂಗಡಿಯಲ್ಲಿ ಕೇಳಿದೆ, ರೆಗ್ಯುಲೇಟರ್ ಇದೆಯಾ ಇಲ್ವಾ ಅಂತ ವಿಚಾರಿಸದೆ ಕೊಡ್ತೀರಲ್ಲ ಅಂತ. ವೆಲ್ಡಿಂಗಿನವರಿಗೆ ಕೊಡೋದೂ ಅದೇ, ಸೋಡಾದವರಿಗೆ ಕೊಡೋದೂ ಅದೇ, ನಮಗೇನು ಗೊತ್ತು ಅಂದರು. ಆ ಒಂದೇ ಉತ್ತರದಲ್ಲಿ ಎರಡು ತಪ್ಪು! ಕುಡಿಯೋದಕ್ಕೆ ಹಾಕೋ ಗ್ಯಾಸ್ ಆಹಾರದ ದರ್ಜೆಯದ್ದೇ ಆಗಬೇಕು, ವೆಲ್ಡಿಂಗಿನದು ನಡೆಯಲ್ಲ, ಅದರಲ್ಲಿ ಎಣ್ಣೆ ತೇವ ಏನಿದೆ ಅಂತ ಯಾರೂ ಖಾತ್ರಿ ಕೊಟ್ಟಿರೋದಿಲ್ಲ. ಎರಡನೇದು, ಅಕ್ಕಿ ಮಾರೋನು ಅನ್ನ ಮಾಡೋದು ಕಲಿಸಬೇಕಾಗಿಲ್ಲ, ಒಪ್ಪಿದೆ. ಆದರೆ 70 ಬಾರ್ ಮಾರೋನಿಗೆ ಅಕ್ಕಿ ಮಾರೋನ ರಿಯಾಯಿತಿ ಇಲ್ಲ.

ಬೈದದ್ದು ಸಾಕು. ಕೆಳಗಿನದು ನಾನೇ ಬರೆದ ಕನ್ನಡ ಚೀಟಿ. ಯಾರು ಬೇಕಾದರೂ ಪ್ರಿಂಟ್ ತೆಗೆದು ಸೋಡಾ ಶೆಡ್ಡಿನಲ್ಲಿ ಅಂಟಿಸಿಕೊಳ್ಳಿ, ನನ್ನ ಹೆಸರು ಹಾಕೋ ಅಗತ್ಯ ಇಲ್ಲ.

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಲ್ಲಿ ಗೋಡೆಗೆ ಕಟ್ಟಿ, ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತೆ. ಬಿಸಿಲಿಗೆ ಇಡಬೇಡಿ. ಬಳೆಯ ಮೇಲಿನ ತಾರೀಕು ನೋಡಿ. ರೆಗ್ಯುಲೇಟರ್ ಇಂಗಾಲದ ಡೈಆಕ್ಸೈಡಿನದ್ದೇ ಇರಲಿ, ಜೋಡಿಸುವಾಗ ಅದಕ್ಕೆಂದೇ ಬರೋ ವಾಷರ್ ಹಾಕಿ, ಹಳೇದಾದರೆ ಹೊಸದು ಹಾಕಿ, ಟೇಪು ಸುತ್ತಬೇಡಿ. ಸಿಲಿಂಡರ್ ತೆಗೆಯೋ ಮುಂಚೆ ರೆಗ್ಯುಲೇಟರ್ ಹಿಡಿಯನ್ನು ಎಡಕ್ಕೆ ಪೂರ್ತಿ ಸಡಿಲ ಮಾಡಿ. ಮೀಟರಿನ ಮುಖದ ಎದುರು ನಿಲ್ಲದೆ ಪಕ್ಕಕ್ಕೆ ನಿಂತು ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆಗೆಯಿರಿ, ಆಮೇಲೆ ಹಿಡಿಯನ್ನು ಬಲಕ್ಕೆ ತಿರುಗಿಸಿ ಬೇಕಾದ ಒತ್ತಡಕ್ಕೆ ತನ್ನಿ. ಒಳಗೆ ನೂಲು ಹೆಣೆದ, ಆ ಒತ್ತಡ ತಡೆಯೋ ಪೈಪು ಹಾಕಿ, ಎರಡೂ ತುದಿಗೆ ಸ್ಕ್ರೂ ಕ್ಲಿಪ್ ಹಾಕಿ, ತಂತಿ ಬೇಡ. ಶರಬತ್ತು ಹಿಂದಕ್ಕೆ ಬಂದು ರೆಗ್ಯುಲೇಟರ್ ಹೊಕ್ಕದ ಹಾಗೆ ಯಂತ್ರದ ಹತ್ತಿರ ಹಿಮ್ಮುಖ ತಡೆಯೋ ವಾಲ್ವ್ ಇರಲಿ. ಎಲ್ಲಾ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದ ಕಡೆ ಗ್ಯಾಸ್ ನಿಲ್ಲಿಸಿ ಬಿಗಿ ಮಾಡಿ. ಗ್ಯಾಸ್ ಬಳಸದೆ ಇರುವಾಗಲೂ ನಮ್ಮ ಕಡೆಯ ಮೀಟರಿನ ಮುಳ್ಳು ತಾನಾಗಿ ಏರ್ತಾ ಇದ್ದರೆ ಒಳಗಿನ ಬಿರಡೆ ಕೆಟ್ಟಿದೆ, ಆ ರೆಗ್ಯುಲೇಟರ್ ಬಳಸಬೇಡಿ. ಮಂಜು ಕಟ್ಟಿದರೆ ಬೆಂಕಿ ಹಿಡಿಯಬೇಡಿ, ಸ್ವಲ್ಪ ಹೊತ್ತು ನಿಲ್ಲಿಸಿ. ಯಂತ್ರ ತಿರುಗಿಸುವಾಗ ಮುಚ್ಚಳ ಹಾಕಿರಲಿ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಚೀಲ ಇರಲಿ. ಕೆಲಸ ಮುಗಿದ ಮೇಲೆ ಸಿಲಿಂಡರ್ ವಾಲ್ವನ್ನೇ ಮುಚ್ಚಿ. ಆ ಕೋಣೆಯಲ್ಲಿ ಯಾರೂ ಮಲಗಬೇಡಿ.